ಒಂದ್ಸಲ ರಾತ್ರಿ ಬಂದು ನಮ್ಮ ಲಾಡ್ಜುಗಳ ಹಿಂದಿನ ಮೆಟ್ಟಿಲು ನೋಡಿ: ಕಾಸರಗೋಡು ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ನಗರಸಭೆ ಪಂಚಾಯತ್ ಸೆಕ್ರೆಟರಿಗಳಿಗೆ, ಫೈರ್ ಫೋರ್ಸಿನವರಿಗೆ, ಮತ್ತೆ ನಮ್ಮ ಜಿಲ್ಲೆಯ ಎಲ್ಲ ಹೋಟೆಲು ಲಾಡ್ಜಿನ ಧಣಿಗಳಿಗೆ,

ನಮಸ್ಕಾರ. ನಾನು 22 ವರ್ಷದಿಂದ ಲಾಡ್ಜ್ ಕೆಲಸದಲ್ಲಿರುವವ. ರೂಮ್ ಬಾಯ್ ಆಗಿ ಸೇರಿದ್ದು, ಬಕೆಟು ಬೆಡ್‌ಶೀಟು ಹೊತ್ತು ಹೊತ್ತು ಆಮೇಲೆ ಕೌಂಟರಿಗೆ ಬಂದೆ, ಈಗ ಕುಂಬಳೆ ಕಡೆ ಒಂದು ಕಡೆ ನೈಟ್ ಡ್ಯೂಟಿ. ಕಾಸರಗೋಡು ಪೇಟೆ, ಕಾಞಂಗಾಡು, ಬೇಕಲ, ಹೀಗೆ ಒಟ್ಟು ನಾಲ್ಕು ಕಡೆ ಕೆಲಸ ಮಾಡಿದ್ದೇನೆ. ಕನ್ನಡದಲ್ಲಿ ಬರೀತಾ ಇದ್ದೇನೆ, ಯಾಕಂದ್ರೆ ನನಗೆ ಮನಸ್ಸಿನಲ್ಲಿದ್ದದ್ದು ಸರಿಯಾಗಿ ಹೇಳ್ಲಿಕ್ಕೆ ಬರೋದು ಇದೇ ಭಾಷೆಯಲ್ಲಿ, ಮತ್ತೆ 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆಯಲ್ಲಿ ಇಲ್ಲಿನ ಕನ್ನಡದವರು ಸರಕಾರಿ ಆಫೀಸುಗಳಿಗೆ ಕನ್ನಡದಲ್ಲೇ ಬರೀಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಅಂತ ಉಂಟು. ಈ ಭಾಷೆ ವಿಷಯ ಸುಮ್ನೆ ಎತ್ತಿದ್ದಲ್ಲ, ಮುಂದೆ ಅದೇ ದೊಡ್ಡ ವಿಷಯವಾಗಿ ಬರ್ತದೆ.

ನನ್ನ ಕೋರಿಕೆ ಒಂದೇ. ಇನ್‌ಸ್ಪೆಕ್ಷನಿಗೆ ರಾತ್ರಿ ಬನ್ನಿ.

ಹಗಲು ಬರ್ತಾರೆ ಸರ್, ಬರೋದಿಲ್ಲ ಅಂತ ನಾನು ಹೇಳುದಿಲ್ಲ. ಹೆಲ್ತಿನವರು ಬರ್ತಾರೆ, ಫುಡ್ ಸೇಫ್ಟಿಯವರು ಬರ್ತಾರೆ, ಅಡಿಗೆ ಕೋಣೆಯ ಟೈಲ್ಸ್ ನೋಡ್ತಾರೆ, ಫ್ರಿಜ್ ತೆಗೆದು ನೋಡ್ತಾರೆ, ಗೋಡೆಯ ಮೇಲೆ ಲೈಸನ್ಸ್ ತೂಗು ಹಾಕಿದ್ದುಂಟಾ ನೋಡ್ತಾರೆ, ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಮೇಲೆ ಡೇಟ್ ನೋಡ್ತಾರೆ. ಹಗಲಿಗೆ ಎಲ್ಲ ಬಾಗಿಲೂ ತೆರೆದೇ ಇರ್ತದೆ, ಹಿಂದಿನ ಮೆಟ್ಟಿಲಿನಲ್ಲಿ ಹುಡುಗರು ಬೆಡ್‌ಶೀಟ್ ಒಣಗಿಸ್ತಾ ಇರ್ತಾರೆ, ನೋಡಿದವರಿಗೆ ಎರಡು ದಾರಿ ಉಂಟು ಅಂತಲೇ ಕಾಣೋದು. ರಾತ್ರಿ ಹನ್ನೊಂದಕ್ಕೆ ಅದೇ ಮೆಟ್ಟಿಲಿನ ಕೆಳಗಿನ ಗ್ರಿಲ್ಲಿಗೆ ಬೀಗ ಬೀಳ್ತದೆ. ಬೀಗದ ಕೈ ಸೂಪರ್‌ವೈಸರ್ ಹತ್ರ, ಸೂಪರ್‌ವೈಸರ್ ಮನೆಯಲ್ಲಿ. ಆಮೇಲೆ ಬೆಳಿಗ್ಗೆ ಆರರ ತನಕ ಆ ಕಟ್ಟಡದಲ್ಲಿ ಮೂವತ್ತು ನಲವತ್ತು ಜನ ಮಲಗಿರೋದು ಒಂದೇ ದಾರಿ ನಂಬಿ.

ನಾನು ಇದನ್ನ ಊಹೆ ಮಾಡಿ ಹೇಳ್ತಾ ಇಲ್ಲ. ಕೆಲವು ವರ್ಷದ ಹಿಂದೆ, ಜೂನ್ ತಿಂಗಳು, ಜೋರು ಮಳೆ, ಕರೆಂಟು ಹೋಗಿ ಬಂದು ಹೋಗಿ ಬಂದು ಮಾಡ್ತಾ ಇತ್ತು. ಆಗ ನಾನಿದ್ದ ಲಾಡ್ಜಿನಲ್ಲಿ ಮೂರು ಮಾಳಿಗೆ, ಒಂಬತ್ತು ರೂಮಿನಲ್ಲಿ ಜನ ಇದ್ರು. ಮೀಟರ್ ಬೋರ್ಡ್ ಇದ್ದದ್ದು ಎದುರಿನ ಮೆಟ್ಟಿಲಿನ ಅಡಿಯಲ್ಲಿ, ಅಲ್ಲೇ ಹಳೇ ಹಾಸಿಗೆ, ರಟ್ಟಿನ ಪೆಟ್ಟಿಗೆ, ಒಡೆದ ಪ್ಲಾಸ್ಟಿಕ್ ಕುರ್ಚಿ, ಎಲ್ಲ ತುಂಬಿಸಿಟ್ಟಿದ್ರು, ಯಾಕಂದ್ರೆ ಬೇರೆ ಜಾಗ ಇರ್ಲಿಲ್ಲ. ರಾತ್ರಿ ಒಂದೂವರೆ ಹೊತ್ತಿಗೆ ಎಂತದೋ ಕರಟಿದ ವಾಸನೆ ಬಂತು, ನಾನು ಎದ್ದು ಹೋಗಿ ನೋಡುವಷ್ಟರಲ್ಲಿ ಬೋರ್ಡಿನಿಂದ ಕಿಡಿ ಹಾರಿ ಹಾಸಿಗೆಗೆ ಹಿಡಿದಾಗಿತ್ತು. ಬೆಂಕಿ ಅಂದ್ರೆ ದೊಡ್ಡ ಬೆಂಕಿಯೇನಲ್ಲ. ಆದ್ರೆ ಆ ಹೊಗೆ! ಹಾಸಿಗೆಯ ಫೋಮ್ ಸುಟ್ಟ ಕಪ್ಪು ಹೊಗೆ ಮೆಟ್ಟಿಲಿನ ಗೂಡಿನಲ್ಲಿ ಮೇಲೆ ಹೋಗುವ ಸ್ಪೀಡು ನೋಡಿದವರಿಗೇ ಗೊತ್ತು, ಚಿಮಣಿಯಲ್ಲಿ ಎಳೆದ ಹಾಗೆ ಎಳೀತದೆ. ನಾನು ಮೇನ್ ಸ್ವಿಚ್ ಆಫ್ ಮಾಡ್ಲಿಕ್ಕೆ ಹೋದ್ರೆ ಅದೂ ಅಲ್ಲೇ, ಆ ಬೆಂಕಿಯ ಪಕ್ಕದಲ್ಲೇ. ಎಕ್ಸ್‌ಟಿಂಗ್ವಿಷರ್, ಅಂದ್ರೆ ಆ ಕೆಂಪು ಸಿಲಿಂಡರ್, ಇತ್ತು, ಪಿನ್ ಎಳೀಬೇಕು ಅಂತ ನನಗೆ ಗೊತ್ತಿರ್ಲಿಲ್ಲ ಸರ್. ಅಷ್ಟು ವರ್ಷ ಅದರ ಮೇಲಿನ ಧೂಳು ಒರೆಸಿದ್ದೇನೆ, ಒಂದ್ಸಲವೂ ಯಾರೂ ಕೈಗೆ ಕೊಟ್ಟು ಹೀಗೆ ಹಿಡಿ, ಪಿನ್ ತೆಗಿ, ಬುಡಕ್ಕೆ ಹೊಡಿ ಅಂತ ತೋರಿಸಿರ್ಲಿಲ್ಲ.

ಎರಡನೇ ಮಾಳಿಗೆಯಲ್ಲಿ ಹಾಸನ ಕಡೆಯ ಒಂದು ಫ್ಯಾಮಿಲಿ, ಮಧೂರು ಅನಂತಪುರ ದೇವಸ್ಥಾನ ಎಲ್ಲ ನೋಡಿ ಬೇಕಲಕ್ಕೆ ಹೋಗುವವರು, ಜೊತೆಗೆ ಮಂಡಿನೋವಿನ ಒಬ್ರು ಅಜ್ಜಿ. ಅವರು ಬಾಗಿಲು ತೆಗೆದು ಎದುರಿನ ಮೆಟ್ಟಿಲಿಗೆ ಬಂದ್ರು, ಹೊಗೆ ಕಂಡು ವಾಪಸ್, ಗೋಡೆಯಲ್ಲಿ ಹಸಿರು ಬೋರ್ಡಿನಲ್ಲಿ ಬಾಣ ತೋರಿಸಿದ ಕಡೆಗೆ ಹೋದ್ರು, ಹಿಂದಿನ ಮೆಟ್ಟಿಲಿನಲ್ಲಿ ಅಜ್ಜಿಯನ್ನ ಎತ್ಕೊಂಡು ಕೆಳಗೆ ಬಂದ್ರು, ಕೆಳಗೆ ಗ್ರಿಲ್ಲು, ಗ್ರಿಲ್ಲಿಗೆ ಬೀಗ. ಬೋರ್ಡು ಅವರನ್ನ ಕರ್ಕೊಂಡು ಹೋದದ್ದು ಬೀಗದ ಎದುರಿಗೆ. ಅವರ ಹಿಂದೆ ಬೇರೆ ರೂಮಿನವರೂ ಬಂದು ಸೇರಿದ್ರು. ಆ ಅಜ್ಜಿ ಗ್ರಿಲ್ಲಿನ ಸರಳು ಹಿಡಿದು ನನ್ನ ಮುಖ ನೋಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗುಂಟು. ನಾನು ಹೊರಗಿನಿಂದ ಸುತ್ತಿ ಬಂದು ಅಲ್ಲೇ ನಿಂತಿದ್ದೆ, ಕೈಯಲ್ಲಿ ಕೀ ಇಲ್ಲ.

ಬೀಗ ಒಡೆದದ್ದು ಒಬ್ಬ ಒಡಿಶಾದ ಹುಡುಗ. ಪಾತ್ರೆ ತೊಳಿಯುವವ, ಟೆರೇಸಿನ ಶೀಟಿನ ಶೆಡ್ಡಿನಲ್ಲಿ ಮಲಗ್ತಾ ಇದ್ದವ. ಪೈಪು ಹಿಡಿದು ಇಳಿದು ಬಂದು, ತೆಂಗಿನಕಾಯಿ ಸುಲಿಯುವ ಹಾರೆ ಹಾಕಿ ಎಬ್ಬಿಸಿದ. ಫೈರ್ ಎಂಜಿನ್ ಬಂದಾಗ ಎಲ್ಲರೂ ಹೊರಗೆ, ಮಳೆಯಲ್ಲಿ ನಿಂತಿದ್ದೆವು. ಅಜ್ಜಿ ಎರಡು ದಿವಸ ಆಸ್ಪತ್ರೆಯಲ್ಲಿದ್ರು, ಉಳಿದವರಿಗೆ ಕೆಮ್ಮು ಅಷ್ಟೇ. ಯಾರೂ ಸಾಯ್ಲಿಲ್ಲ ಹಾಗಾಗಿ ಪೇಪರಿನಲ್ಲಿ ಬರ್ಲಿಲ್ಲ, ಕೇಸೂ ಆಗ್ಲಿಲ್ಲ. ಮತ್ತೆ, ಇದನ್ನ ಬರೀಲಿಕ್ಕೆ ಕೈ ನಡುಗ್ತದೆ, ಹತ್ತು ದಿನ ಆಗಿರ್ಬಹುದು, ಆ ಗ್ರಿಲ್ಲಿಗೆ ಹೊಸ ಬೀಗ ಬಂತು.

ಧಣಿಗಳು ಕೆಟ್ಟವರು ಅಂತ ನಾನು ಹೇಳುದಿಲ್ಲ. ಅವರ ಹೆದರಿಕೆ ಎಂತದು ಅಂತ ನನಗೆ ಗೊತ್ತುಂಟು, ಬಿಲ್ ಕೊಡದೆ ಹಿಂದಿನಿಂದ ಹೋಗ್ತಾರೆ, ಕಳ್ಳರು ಬರ್ತಾರೆ, ಯಾರ್ಯಾರನ್ನೋ ಒಳಗೆ ಕರ್ಕೊಂಡು ಬರ್ತಾರೆ. ಅದು ಆಗುದೇ ಇಲ್ಲ ಅಂತ ಅಲ್ಲ. ಆದ್ರೆ ಒಳಗಿನಿಂದ ತಳ್ಳಿದ್ರೆ ತೆರೆಯುವ, ಹೊರಗಿನಿಂದ ತೆರೀಲಿಕ್ಕೆ ಆಗದ ಬಾಗಿಲು ಸಿಗ್ತದಲ್ವಾ, ಅಡ್ಡಕ್ಕೆ ಒಂದು ಸರಳು ಇರ್ತದೆ, ಮೈ ಒತ್ತಿದ್ರೆ ಸಾಕು, ಸಿನಿಮಾ ಥಿಯೇಟರಿನಲ್ಲಿ ಮಾಲಿನಲ್ಲಿ ಎಲ್ಲ ನೋಡಿದ್ದೇವೆ. ಬಾಗಿಲು ತೆರೆದ ಕೂಡ್ಲೆ ಕೌಂಟರಿನಲ್ಲಿ ಬೆಲ್ ಆಗುವ ಹಾಗೆ ಮಾಡಿದ್ರೆ ಕಳ್ಳನೂ ಸಿಗ್ತಾನೆ. ಒಂದು ಎಸಿ ಹಾಕುವ ಮನಸ್ಸು ಮಾಡುವಲ್ಲಿ ಇದನ್ನೂ ಮಾಡ್ಬಹುದು.

ನಮ್ಮಲ್ಲಿ ಆಗದೆ ಉಳಿದದ್ದು ಬೇರೆ ಕಡೆ ಆಗಿದೆ. 2019ರ ಫೆಬ್ರವರಿ 12ಕ್ಕೆ ದೆಹಲಿಯ ಕರೋಲ್ ಬಾಗಿನ ಹೋಟೆಲಿನ ಬೆಂಕಿಯಲ್ಲಿ 17 ಜನ ತೀರಿಹೋದ್ರು, ಬೆಳಗಿನ ಜಾವ, ಎಲ್ಲರೂ ನಿದ್ದೆಯಲ್ಲಿರುವಾಗ. 2025ರ ಏಪ್ರಿಲ್ 29ಕ್ಕೆ ಕೋಲ್ಕತ್ತಾದ ಹೋಟೆಲಿನಲ್ಲಿ 14 ಜನ, ಹೆಚ್ಚಿನವರು ಹೊಗೆಯಲ್ಲಿ ಉಸಿರು ಕಟ್ಟಿ. 2022ರ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನಲ್ಲಿ ಕೆಳಗೆ ಎಲೆಕ್ಟ್ರಿಕ್ ಸ್ಕೂಟರಿನ ಶೋರೂಮು, ಮೇಲೆ ಲಾಡ್ಜು, ಕೆಳಗೆ ಹಿಡಿದ ಬೆಂಕಿಯ ಹೊಗೆ ಮೇಲೆ ಹೋಗಿ 8 ಜನ ಸತ್ರು. ಈ ಕೊನೇದನ್ನ ಓದಿದ ದಿನ ನಾನು ನಮ್ಮ ಮೆಟ್ಟಿಲಿನ ಅಡಿಗೆ ಹೋಗಿ ನೋಡಿದೆ, ಗೆಸ್ಟಿನದ್ದೊಂದು, ಸ್ಟಾಫಿನದ್ದೊಂದು, ಎರಡು ಸ್ಕೂಟರ್ ಚಾರ್ಜಿಗೆ ಹಾಕಿತ್ತು, ಒಂದು ಎಕ್ಸ್‌ಟೆನ್ಷನ್ ಬಾಕ್ಸಿಗೆ. ಹೊರಗೆ ಅಂಗಳದಲ್ಲಿ ಶೀಟು ಹಾಕಿ ಬೇರೆ ಲೈನ್ ಕೊಡಿ ಅಂತ ಧಣಿಗಳಲ್ಲಿ ಹೇಳಿದೆ, ಕೊಟ್ರು, ಅದು ಸತ್ಯ, ಹೇಳಿದ್ರೆ ಮಾಡುವವರೂ ಇದ್ದಾರೆ. ಹೇಳುವವರು ಬೇಕು.

ಇನ್ನು 2025ರ ಡಿಸೆಂಬರಿನಲ್ಲಿ ಗೋವಾದ ಅರ್ಪೋರಾದ ನೈಟ್‌ಕ್ಲಬ್ಬಿನಲ್ಲಿ ಆದದ್ದು. ಬೆಂಕಿಯಲ್ಲಿ 25 ಜನ ಸತ್ರು. ಅದರಲ್ಲಿ 20 ಜನ ಅಲ್ಲಿ ಕೆಲಸ ಮಾಡುವವರು, ಐದು ಜನ ಟೂರಿಸ್ಟುಗಳು. ಈ ಲೆಕ್ಕವನ್ನ ದಯವಿಟ್ಟು ಇನ್ನೊಂದ್ಸಲ ಓದಿ. ಹೋಟೆಲಿನ ಸೇಫ್ಟಿ ಅಂದ ಕೂಡ್ಲೆ ಎಲ್ಲರ ತಲೆಯಲ್ಲಿ ಬರೋದು ಗೆಸ್ಟು. ಗೆಸ್ಟು ಒಂದು ರಾತ್ರಿ ಇದ್ದು ಹೋಗ್ತಾನೆ, ನಾವು 365 ರಾತ್ರಿ ಅಲ್ಲೇ.

ಹಾಗಾಗಿ ರಾತ್ರಿ ಬಂದಾಗ ಸ್ಟಾಫ್ ಮಲಗುವ ಜಾಗ ಎಲ್ಲಿ ಅಂತ ಕೇಳಿ. ಕೆಲವು ಕಡೆ ಅಡಿಗೆ ಕೋಣೆಯ ಮೇಲಿನ ಅಟ್ಟ, ಕೆಲವು ಕಡೆ ಸಿಲಿಂಡರ್ ಇಟ್ಟ ಗೋಡೌನಿನ ಪಕ್ಕದ ಕೋಣೆ, ಇಲ್ಲದ್ರೆ ಟೆರೇಸು. 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ಐದು ಇಟ್ರೆ 95 ಕೆಜಿ, 100 ಕೆಜಿ ದಾಟಿದ್ರೆ ಬೇರೆ ಲೈಸನ್ಸ್ ಬೇಕು ಅಂತ ರೂಲ್ ಉಂಟು. ಮದುವೆ ಸೀಸನಿನಲ್ಲಿ ಏಳೆಂಟು ಸಾಲಾಗಿ ನಿಂತದ್ದನ್ನ ನಾನೇ ನೋಡಿದ್ದೇನೆ. ಈ ಗ್ಯಾಸು ಗಾಳಿಗಿಂತ ಭಾರ, ಲೀಕಾದ್ರೆ ಮೇಲೆ ಹೋಗಿ ಕಿಟಿಕಿಯಿಂದ ಹೊರಗೆ ಹೋಗುದಿಲ್ಲ, ನೆಲದಲ್ಲಿ ಹರಡಿ ಚಾಪೆ ಹಾಕಿ ಮಲಗಿದವನ ಮೂಗಿನ ಮಟ್ಟದಲ್ಲೇ ನಿಲ್ತದೆ. ಬೆಳಿಗ್ಗೆ ನಾಲ್ಕೂವರೆಗೆ ದೋಸೆ ಕಲ್ಲು ಬಿಸಿ ಮಾಡ್ಲಿಕ್ಕೆ ಎದ್ದವ ಮೊದ್ಲು ಮಾಡುವ ಕೆಲಸ ಲೈಟ್ ಸ್ವಿಚ್ ಹಾಕೋದು. ವಾಸನೆ ಬಂದ್ರೆ ಸ್ವಿಚ್ ಮುಟ್ಟಬೇಡ, ಬಾಗಿಲು ತೆರೆ, ರೆಗ್ಯುಲೇಟರ್ ಮುಚ್ಚು ಅಂತ ಅವನಿಗೆ ಹೇಳಿದವರುಂಟಾ? ಹೇಳಿದ್ರೂ ಯಾವ ಭಾಷೆಯಲ್ಲಿ ಹೇಳಿದ್ದು?

ಇಲ್ಲೇ ನಾನು ಮೊದ್ಲು ಹೇಳಿದ ಭಾಷೆ ವಿಷಯ ಬರೋದು. ನಮ್ಮದು ಸಪ್ತಭಾಷಾ ಸಂಗಮ ಭೂಮಿ ಅಂತ ಸ್ಟೇಜಿನಲ್ಲಿ ಎಲ್ಲ ಹೇಳ್ತೇವೆ, ಕನ್ನಡ ಮಲಯಾಳ ತುಳು ಕೊಂಕಣಿ ಬ್ಯಾರಿ ಮರಾಠಿ ಉರ್ದು ಅಂತ ಬೆರಳು ಮಡಚ್ತೇವೆ. ಆದ್ರೆ ನಾನಿದ್ದ ನಾಲ್ಕು ಕಡೆಯೂ ಬೆಂಕಿ ಬಂದ್ರೆ ಎಂತ ಮಾಡ್ಬೇಕು ಅನ್ನುವ ಬೋರ್ಡು ಇದ್ರೆ ಇಂಗ್ಲಿಷಿನಲ್ಲಿ, ಇಲ್ಲದ್ರೆ ಮಲಯಾಳದಲ್ಲಿ. ಬೇಕಲ ಕೋಟೆ ನೋಡ್ಲಿಕ್ಕೆ, ಮಧೂರಿಗೆ ಬರುವವರಲ್ಲಿ ಕರ್ನಾಟಕದವರು ಎಷ್ಟು ಜನ ಅಂತ ಕೌಂಟರಿನಲ್ಲಿ ಕೂತವನಿಗೆ ಲೆಕ್ಕ ಹಾಕಿ ಹೇಳ್ಬೇಕಾದ್ದಿಲ್ಲ, ಅವರಿಗೆ ಮಲಯಾಳ ಓದ್ಲಿಕ್ಕೆ ಬರುದಿಲ್ಲ. ಮತ್ತೆ ಅಡಿಗೆ ಕೋಣೆಯಲ್ಲಿ, ಪಾತ್ರೆ ತೊಳಿಯುವಲ್ಲಿ, ರೂಮ್ ಸರ್ವೀಸಿನಲ್ಲಿ ಇರುವ ಹುಡುಗರನ್ನ ನಾವು ಒಟ್ಟಿಗೆ ಬಂಗಾಳಿಗಳು ಅಂತ ಕರೀತೇವೆ, ಅವರಲ್ಲಿ ಒಡಿಶಾದವ ಇದ್ದಾನೆ, ಅಸ್ಸಾಮಿನವ, ಬಿಹಾರದವ, ಜಾರ್ಖಂಡಿನವ ಎಲ್ಲ ಇದ್ದಾರೆ. ಆ ರಾತ್ರಿ ಗ್ರಿಲ್ಲಿನ ಹತ್ರ ಆ ಹುಡುಗ ಹಿಂದಿಯಲ್ಲಿ "ಹಟೋ, ಹಟೋ" ಅಂತ ಕೂಗ್ತಾ ಇದ್ದ, ಒಳಗಿದ್ದವರಿಗೆ ಅವ ಹಿಂದೆ ಸರೀರಿ ಅಂತ ಹೇಳೋದು ಅಂತ ಅರ್ಥ ಆಗದೆ ಇನ್ನೂ ಮುಂದೆ ಬಂದ್ರು, ಹಾರೆ ಒಬ್ಬರ ಕೈಗೆ ತಾಗುದು ಸ್ವಲ್ಪದ್ರಲ್ಲಿ ತಪ್ಪಿತು.

ರೂಮಿನ ಬಾಗಿಲಿನ ಹಿಂದೆ ಒಂದು ಹಾಳೆ ಅಂಟಿಸ್ಲಿಕ್ಕೆ ಎಷ್ಟು ಖರ್ಚು? ಎದುರಿನ ಮೆಟ್ಟಿಲು ಇಲ್ಲಿ, ಹಿಂದಿನ ಮೆಟ್ಟಿಲು ಇಲ್ಲಿ ಅಂತ ಒಂದು ಚಿತ್ರ. ಬಾಗಿಲು ಮುಟ್ಟಿ ನೋಡಿ, ಬಿಸಿ ಇದ್ರೆ ತೆರೀಬೇಡಿ, ಹೊಗೆ ಇದ್ರೆ ಬಗ್ಗಿ ನೆಲದ ಹತ್ರ ಹೋಗಿ, ಹೊರಗೆ ಹೋಗ್ಲಿಕ್ಕೆ ಆಗದಿದ್ರೆ ಒದ್ದೆ ಟವೆಲ್ ಬಾಗಿಲಿನ ಅಡಿಗೆ ತುರುಕಿ ಕಿಟಿಕಿಗೆ ಬನ್ನಿ, ಲಿಫ್ಟ್ ಹತ್ತಬೇಡಿ, 101ಕ್ಕೋ 112ಕ್ಕೋ ಫೋನ್ ಮಾಡಿ. ಇಷ್ಟೇ, ಮಲಯಾಳ, ಕನ್ನಡ, ಹಿಂದಿ, ಇಂಗ್ಲಿಷು ನಾಲ್ಕರಲ್ಲಿ. ಅಡಿಗೆ ಕೋಣೆಗೆ ಒಡಿಯಾ, ಬಂಗಾಳಿಯಲ್ಲಿ ಒಂದೊಂದು. ಜಿಲ್ಲಾಡಳಿತವೇ ಒಂದು ಮಾದರಿ ಮಾಡಿ ಕೊಟ್ರೆ ಧಣಿಗಳು ಪ್ರಿಂಟ್ ತೆಗೀತಾರೆ, ನಾನೇ ತೆಗೆದು ಅಂಟಿಸ್ತೇನೆ ಬೇಕಾದ್ರೆ.

ಕಿಟಿಕಿಗೆ ಬನ್ನಿ ಅಂತ ಬರೆದೆ, ಬರೀತಾ ನೆನಪಾಯ್ತು, ಎಷ್ಟೋ ಕಡೆ ಕಿಟಿಕಿಗೆ ತೆರೀಲಿಕ್ಕಾಗದ ಗ್ರಿಲ್ಲು ಹಾಕಿರ್ತಾರೆ, ಎಸಿ ರೂಮಾದ್ರೆ ಗಾಜು ಪೂರ್ತಿ ಸೀಲ್. ಅದನ್ನೂ ನೋಡ್ಬೇಕು.

ನಮ್ಮ ಜಿಲ್ಲೆಗೆ ಇದು ಹೆಚ್ಚು ಮುಖ್ಯ ಯಾಕೆ ಅಂದ್ರೆ ಸುಟ್ಟ ಗಾಯದವರನ್ನ, ಹೊಗೆ ಕುಡಿದವರನ್ನ ಸೀರಿಯಸ್ ಆದ್ರೆ ಕರ್ಕೊಂಡು ಹೋಗೋದು ಮಂಗಳೂರಿಗೆ. ಕಾಸರಗೋಡಿನಿಂದ 50 ಕಿಲೋಮೀಟರ್ ಹತ್ರ. 2020ರ ಮಾರ್ಚಿನಲ್ಲಿ ಕೊರೋನಾ ಹೊತ್ತಿಗೆ ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಹಾಕಿ ಮುಚ್ಚಿದಾಗ ತಲಪಾಡಿ ದಾಟ್ಲಿಕ್ಕಾಗದೆ ಎಷ್ಟು ರೋಗಿಗಳು ತೀರಿಕೊಂಡ್ರು ಅಂತ ನಮಗೆ ಮರೆತಿಲ್ಲ. ಈಗ ದಾರಿ ತೆರೆದುಂಟು, ಆದ್ರೆ ಆ 50 ಕಿಲೋಮೀಟರ್ ಅಲ್ಲೇ ಉಂಟು. ಅಷ್ಟು ದೂರ ಆ್ಯಂಬುಲೆನ್ಸಿನಲ್ಲಿ ಹೋಗುವವನ ಜೀವ ಉಳಿಸುವ ಹೊತ್ತು ಹೊರಟ ಮೇಲಿನದ್ದಲ್ಲ, ಅದಕ್ಕಿಂತ ಮೊದಲಿನ ಐದು ನಿಮಿಷ.

ಊಟದ ವಿಷಯ ನಾನು ಹೆಚ್ಚು ಹೇಳುದಿಲ್ಲ, ಅದರಲ್ಲಿ ಕೆಲಸ ಆಗಿದೆ. 2022ರ ಮೇ 1ಕ್ಕೆ ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ಹದಿನಾರು ವರ್ಷದ ಒಂದು ಹುಡುಗಿ ತೀರಿಕೊಂಡದ್ದು. ಆಮೇಲೆ ಶವರ್ಮಾಕ್ಕೆ ರೂಲ್ಸ್ ಬಂತು, 2023ರ ಜನವರಿಯಲ್ಲಿ ಹಸಿ ಮೊಟ್ಟೆಯ ಮಯೋನೈಸ್ ನಿಲ್ಲಿಸಿದ್ರು, ಹೋಟೆಲಿನವರಿಗೆಲ್ಲ ಹೆಲ್ತ್ ಕಾರ್ಡ್ ಮಾಡಿಸ್ಬೇಕು ಅಂತಾಯ್ತು, ಪಾರ್ಸೆಲಿನ ಮೇಲೆ ಟೈಮ್ ಬರೀಲಿಕ್ಕೆ ಹೇಳಿದ್ರು. ಮನಸ್ಸು ಮಾಡಿದ್ರೆ ಸರಕಾರಕ್ಕೆ ಮಾಡ್ಲಿಕ್ಕೆ ಆಗ್ತದೆ ಅಂತ ಆಗ ನೋಡಿದೆವು. ಆದ್ರೆ ಒಂದು ಮಗು ಹೋದ ಮೇಲೆ. ಹಿಂದಿನ ಮೆಟ್ಟಿಲಿನ ವಿಷಯದಲ್ಲಿ ಆ ಮಗು ಇನ್ನೂ ಹೋಗ್ಲಿಲ್ಲ, ಅದಕ್ಕೇ ಈಗ ಬರೀತಾ ಇದ್ದೇನೆ.

ತಲಪಾಡಿ ದಾಟಿದ್ರೆ ಸಿಗುವ ಉಚ್ಚಿಲದಲ್ಲಿ 2024ರ ನವೆಂಬರ್ 17ಕ್ಕೆ ಬೀಚ್ ರೆಸಾರ್ಟಿನ ಈಜುಕೊಳದಲ್ಲಿ ಮೈಸೂರಿನ ಮೂರು ಹುಡುಗಿಯರು ಮುಳುಗಿದ್ರು, ಲೈಫ್‌ಗಾರ್ಡ್ ಇರ್ಲಿಲ್ಲ. ಒಬ್ಬಳನ್ನ ಹಿಡೀಲಿಕ್ಕೆ ಇನ್ನೊಬ್ಬಳು, ಅವಳನ್ನ ಹಿಡೀಲಿಕ್ಕೆ ಮತ್ತೊಬ್ಬಳು. ಬೇಕಲದ ಸಮುದ್ರ ಬದಿಯಲ್ಲಿ ಈಗ ಹೋಮ್‌ಸ್ಟೇ ರೆಸಾರ್ಟು ಎದ್ದು ಬರ್ತಾ ಉಂಟು, ಕೊಳ ಇಲ್ಲದ್ರೆ ಬುಕಿಂಗ್ ಬರುದಿಲ್ಲ ಅಂತಾರೆ, ಕೊಳ ಇದ್ದಲ್ಲಿ ಆಳ ಎಷ್ಟು ಅಂತ ಅಂಚಿನಲ್ಲಿ ದೊಡ್ಡದಾಗಿ ಬರೆದಿರ್ಬೇಕು, ನೀರಿಗೆ ಇಳಿಯುವ ಹೊತ್ತಿನಲ್ಲಿ ಈಜು ಬರುವವ ಒಬ್ಬ ಬದಿಯಲ್ಲಿ ಇರ್ಲೇಬೇಕು, ಇಲ್ಲದ್ರೆ ಕೊಳಕ್ಕೆ ಬೀಗ ಹಾಕಿ. ಬೀಗ ಹಾಕಬೇಕಾದ್ದು ಅಲ್ಲಿಗೆ.

ನಮ್ಮ ಹೆಣ್ಮಕ್ಕಳ ವಿಷಯ. ಬೆಳಿಗ್ಗೆ ಕ್ಲೀನಿಂಗಿಗೆ ಬರುವ ಅಕ್ಕಂದಿರು, ಹೆಚ್ಚಿನವರು ನಲವತ್ತು ಐವತ್ತರ ಪ್ರಾಯದವರು, ಒಬ್ಬೊಬ್ರೇ ರೂಮಿಗೆ ಹೋಗ್ತಾರೆ. ಗೆಸ್ಟು ಒಳಗಿರುವಾಗಲೇ ಗುಡಿಸ್ಲಿಕ್ಕೆ ಕರೆಯೋದು, ಬಾಗಿಲು ಮುಚ್ಚೋದು, ಬೇಡದ ಮಾತು ಹೇಳೋದು, ಇದೆಲ್ಲ ನಡೀತದೆ, ಅವರು ಹೇಳುದಿಲ್ಲ, ಹೇಳಿದ್ರೆ ಕೆಲಸ ಹೋದೀತು ಅಂತ. ಒಬ್ಬಕ್ಕ ನನ್ನ ಹತ್ರ ಹೇಳಿದ್ದು ಆರು ತಿಂಗಳು ಕಳೆದ ಮೇಲೆ, ಅದೂ ಆ ಮನುಷ್ಯ ಪುನಃ ಬಂದು ಅದೇ ರೂಮು ಕೇಳಿದಾಗ. ಕೆಲಸದ ಜಾಗದಲ್ಲಿ ಹೆಂಗಸರಿಗೆ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ ಹತ್ತು ಜನ ಕೆಲಸದವರಿದ್ದಲ್ಲಿ ಕಂಪ್ಲೇಂಟ್ ತೆಗೊಳ್ಳುವ ಕಮಿಟಿ ಇರ್ಬೇಕು, ಹತ್ತಕ್ಕಿಂತ ಕಮ್ಮಿ ಇದ್ರೆ ಜಿಲ್ಲೆಯ ಲೋಕಲ್ ಕಮಿಟಿಗೆ ಹೇಳ್ಬಹುದು. ಸಣ್ಣ ಲಾಡ್ಜಿನಲ್ಲಿ ಹತ್ತು ಜನ ಎಲ್ಲಿ ಇರ್ತಾರೆ, ಹಾಗಾಗಿ ಅವರಿಗೆಲ್ಲ ಇರೋದು ನಿಮ್ಮ ಆ ಲೋಕಲ್ ಕಮಿಟಿ ಒಂದೇ. ಅದರ ಫೋನ್ ನಂಬರ್ ಸ್ಟಾಫ್ ಬಾತ್‌ರೂಮಿನ ಗೋಡೆಯಲ್ಲಿ ಕನ್ನಡ ಮಲಯಾಳ ಎರಡರಲ್ಲೂ ಬರೆಸಿ, ಕೌಂಟರಿನಲ್ಲಿ ಬೇಡ, ಅಲ್ಲಿ ಧಣಿ ಕೂತಿರ್ತಾರೆ. ಹೆಂಗಸರ ಹೆಲ್ಪ್‌ಲೈನ್ 181 ನಂಬರೂ ಹಾಕಿ. ಗೆಸ್ಟು ಒಳಗಿದ್ರೆ ಕ್ಲೀನಿಂಗ್ ಇಲ್ಲ, ಇರ್ಲೇಬೇಕಾದ್ರೆ ಬಾಗಿಲು ಪೂರ್ತಿ ತೆರೆದು ಇಬ್ರು ಹೋಗೋದು, ಇದನ್ನ ರೂಲ್ ಮಾಡಿ. ಕೇರಳದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ಬಂದ 2018ರ ತಿದ್ದುಪಡಿಯಲ್ಲಿ ರಾತ್ರಿ ಒಂಬತ್ತರ ಮೇಲೆ ಹೆಂಗಸರು ಕೆಲಸ ಮಾಡ್ಬೇಕಾದ್ರೆ ಜೊತೆಗೆ ಜನ ಇರ್ಬೇಕು, ಮನೆಗೆ ಬಿಡ್ಲಿಕ್ಕೆ ಗಾಡಿ ಬೇಕು ಅಂತ ಬರೆದುಂಟು, ಕೂತ್ಕೊಳ್ಳುವ ಹಕ್ಕೂ ಅದರಲ್ಲೇ ಬಂದದ್ದು. ಬದಿಯಡ್ಕ ಕಡೆಗೆ ಹೋಗುವ ಲಾಸ್ಟ್ ಬಸ್ ತಪ್ಪಿದ್ರೆ ಅವರು ರೋಡಿನಲ್ಲಿ ನಿಂತು ಯಾರ ಗಾಡಿಗೆ ಕೈ ಅಡ್ಡ ಹಾಕ್ಬೇಕು ಹೇಳಿ.

ಇನ್ನೊಂದು ಹೇಳ್ಬೇಕಾ ಬೇಡ್ವಾ ಅಂತ ಯೋಚನೆ ಮಾಡಿದೆ, ಹೇಳ್ತೇನೆ. ಲಾಡ್ಜಿಗೆ ಕೆಲವರು ಬದುಕು ಬೇಡ ಅಂತ ಬರ್ತಾರೆ. ಬೆಳಿಗ್ಗೆ ಬಾಗಿಲು ತಟ್ಟಿ ತಟ್ಟಿ ಕೊನೆಗೆ ತೆರೆಯುವವ ಒಬ್ಬ ರೂಮ್ ಬಾಯ್, ಇಪ್ಪತ್ತು ವರ್ಷದ ಹುಡುಗ. ಪೊಲೀಸರು ಬರ್ತಾರೆ, ಸ್ಟೇಟ್‌ಮೆಂಟ್ ತೆಗೀತಾರೆ, ಮರುದಿನ ಅವನೇ ಆ ರೂಮನ್ನ ತೊಳೀಬೇಕು. ನಾನು ತೊಳೆದಿದ್ದೇನೆ. ತಿಂಗಳುಗಟ್ಟಲೆ ನಿದ್ದೆ ಬರ್ಲಿಲ್ಲ, ಯಾರ ಹತ್ರ ಹೇಳೋದು ಅಂತಲೂ ಗೊತ್ತಿರ್ಲಿಲ್ಲ. ಈಗ ಒಬ್ರೇ ಬಂದವರ ಮುಖ ಬಾಡಿದ್ದು ಕಂಡ್ರೆ ನಾನು ಚಾ ಕೊಡುವ ನೆಪದಲ್ಲಿ ಹೋಗಿ ಎರಡು ಮಾತಾಡ್ತೇನೆ, ಊಟ ಆಯ್ತಾ, ಮನೆಗೆ ಫೋನ್ ಮಾಡಿದ್ರಾ ಅಂತ. ಒಬ್ರು ಆ ರಾತ್ರಿ ಎರಡು ಗಂಟೆ ಕೌಂಟರಿನ ಎದುರಿನ ಕುರ್ಚಿಯಲ್ಲೇ ಕೂತು ಮಾತಾಡಿದ್ರು, ಬೆಳಿಗ್ಗೆ ಅವರ ತಮ್ಮ ಬಂದು ಕರ್ಕೊಂಡು ಹೋದ್ರು. ಹೇಗೆ ಮಾತಾಡ್ಬೇಕು ಅಂತ ನಮಗೆ ಯಾರಾದ್ರೂ ಕಲಿಸಿದ್ರೆ ಒಳ್ಳೇದಿತ್ತು. ಮನಸ್ಸಿನ ಕಷ್ಟ ಹೇಳಿಕೊಳ್ಳುವ ಹೆಲ್ಪ್‌ಲೈನ್ ಟೆಲಿ ಮಾನಸ್ 14416, ಕೇರಳದ ದಿಶಾ 1056, ಈ ಎರಡು ನಂಬರು ರೂಮಿನ ಆ ಹಾಳೆಯ ಕೆಳಗೆ ಇರ್ಲಿ, ಗೆಸ್ಟಿಗೂ ಆಯ್ತು, ಬಾಗಿಲು ತೆರೆದ ಹುಡುಗನಿಗೂ ಆಯ್ತು.

ಈಗ ನೀವು ಮಾಡ್ಬೇಕಾದ್ದು. ಜೂನ್ ಬರುವ ಮೊದ್ಲು, ರಾತ್ರಿ ಹನ್ನೊಂದರ ಮೇಲೆ, ಮೊದ್ಲೇ ಹೇಳದೆ, ಫೈರ್ ಫೋರ್ಸಿನವರು ಒಬ್ರು, ಲೇಬರ್ ಆಫೀಸಿನವರು ಒಬ್ರು, ಪಂಚಾಯತಿನವರು ಒಬ್ರು ಸೇರಿ ಒಂದೊಂದು ಲಾಡ್ಜಿಗೆ ಹೋಗಿ. ಹಿಂದಿನ ಮೆಟ್ಟಿಲು ಹಿಡಿದು ಮೇಲಿನಿಂದ ಕೆಳಗೆ ನಡೆದು ರಸ್ತೆಗೆ ಬರ್ಲಿಕ್ಕೆ ಆಗ್ತದಾ ನೋಡಿ. ಸ್ಟಾಫ್ ಮಲಗಿದ ಜಾಗಕ್ಕೆ ಹೋಗಿ, ಅಲ್ಲಿಂದ ಹೊರಗೆ ಬರುವ ದಾರಿ ನೋಡಿ. ನೈಟ್ ಡ್ಯೂಟಿಯವನ ಕೈಗೆ ಎಕ್ಸ್‌ಟಿಂಗ್ವಿಷರ್ ಕೊಟ್ಟು ತೋರಿಸು ಅನ್ನಿ. ಹೈವೇ ಆರು ಲೇನ್ ಆದ ಮೇಲೆ ಕೆಲವು ಲಾಡ್ಜುಗಳು ಸರ್ವೀಸ್ ರೋಡಿಗೆ ಬಿದ್ದಿವೆ, ಉಪ್ಪಳದಿಂದಲೋ ಕಾಸರಗೋಡಿನಿಂದಲೋ ಫೈರ್ ಎಂಜಿನ್ ಬಂದ್ರೆ ಎಲ್ಲಿ ತಿರುಗ್ಬೇಕು ಅಂತ ಡ್ರೈವರಿಗೆ ಗೊತ್ತುಂಟಾ ಅದನ್ನೂ ಒಂದ್ಸಲ ಗಾಡಿ ಓಡಿಸಿಯೇ ನೋಡಿ. ಮೊದ್ಲ ಸಲ ಬೀಗ ಕಂಡ್ರೆ ಫೈನ್ ಹಾಕ್ಬೇಡಿ, ಹದಿನೈದು ದಿನ ಟೈಮ್ ಕೊಡಿ, ಎರಡನೇ ಸಲ ಕಂಡ್ರೆ ಬಿಡ್ಬೇಡಿ. ಮತ್ತೆ ನಿಮ್ಮತ್ರ ಸತ್ಯ ಹೇಳಿದ ಕೆಲಸದವನ ಕೆಲಸ ಹೋಗದ ಹಾಗೆ ನೋಡಿಕೊಳ್ಳಿ, ಇದು ಇಲ್ಲದಿದ್ರೆ ಯಾರೂ ಬಾಯಿ ಬಿಡುದಿಲ್ಲ.

ಧಣಿಗಳೇ, ನಿಮ್ಮ ಅನ್ನ ತಿಂದವ ನಾನು, ನಿಮ್ಮ ಹೆಸರು ಹಾಳು ಮಾಡ್ಲಿಕ್ಕೆ ಬರೆದದ್ದಲ್ಲ, ಅದಕ್ಕೇ ಯಾವ ಲಾಡ್ಜಿನ ಹೆಸರೂ ಹಾಕ್ಲಿಲ್ಲ. ಈ ರಾತ್ರಿಯೇ ಆ ಕೀಯನ್ನ ಕೌಂಟರಿನ ಮೊಳೆಗೆ ತೂಗು ಹಾಕಿ ಹೋಗಿ, ಬಾಗಿಲು ಬದಲಾಯಿಸುವವರೆಗೆ ಅಷ್ಟಾದ್ರೂ ಆಗ್ಲಿ.

ಜಿಲ್ಲಾಧಿಕಾರಿಗಳೇ, ನಾನು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಕೌಂಟರಿನಲ್ಲೇ ಇರ್ತೇನೆ. ನಮ್ಮಲ್ಲಿಗೂ ಬನ್ನಿ. ಟಾರ್ಚ್ ನನ್ನ ಹತ್ರ ಉಂಟು, ಹಿಂದಿನ ಮೆಟ್ಟಿಲಿಗೆ ನಾನೇ ಕರ್ಕೊಂಡು ಹೋಗ್ತೇನೆ.

ಇತಿ,
ಕುಂಬಳೆ ಕಡೆಯ ಒಬ್ಬ ನೈಟ್ ಡ್ಯೂಟಿಯವ